ಪಾಷಾನ ಪಾಲಿನ ಮಾತ್ರೆ

ಶಿವಾಜಿನಗರದ ಬಳೆ ಅಂಗಡಿಯವರು ಚಾಂದ್ ಪಾಷಾನಿಗೆ ಹೊಸ ಸಂಬಂಧ ಕುದುರಿದೆ ಎಂದೇ ನಂಬಿದ್ದರಂತೆ. ಅರವತ್ತು ದಾಟಿದ ಗಡ್ಡದ ಮನುಷ್ಯ, ಉಗುರಿನ ಸಂದಿಯಲ್ಲೆಲ್ಲ ಗ್ರೀಸು, ಬಸ್ ಸ್ಟ್ಯಾಂಡಿನಿಂದ ಗುಜರಿ ಗಲ್ಲಿಗೆ ಹೋಗುವಾಗ ದಿನಾ ಅಂಗಡಿಯ ಮುಂದೆ ನಿಂತು ಗಾಜಿನ ಬಳೆ ನೋಡುತ್ತಾನೆ. ಇನ್ನೊಂದಿಷ್ಟು ಮುಂದೆ ಹೋಗಿ ಅತ್ತರಿನ ಅಂಗಡಿ ನೋಡುತ್ತಾನೆ. ಆಮೇಲೆ ಬಿರಿಯಾನಿ ಹಂಡೆ. "ಏನು ಪಾಷಾ ಭಾಯಿ, ಮದುವೆ ಯಾವಾಗ?" ಎಂದು ಕೇಳಿದವರಿಗೆ ಹಲ್ಲು ಕಿರಿದು ಮುಂದೆ ಹೋಗುತ್ತಿದ್ದ. ನಿಜ ಏನೆಂದರೆ ಅದಕ್ಕಿಂತ ಹೆಚ್ಚು ಒಂದೇ ಸಲ ನಡೆಯಲು ಅವನಿಂದ ಆಗುತ್ತಿರಲಿಲ್ಲ. ಮೀನಖಂಡವನ್ನು ಯಾರೋ ಹಿಂಡಿದ ಹಾಗಾಗುತ್ತಿತ್ತು, ನಿಂತರೆ ಬಿಡುತ್ತಿತ್ತು. ಸುಮ್ಮನೆ ನಿಂತರೆ ಜನ ಮುದುಕ ಅನ್ನುತ್ತಾರಲ್ಲ, ಅದಕ್ಕೆ ಈ ನಾಟಕ.

ಈ ನಾಟಕವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಹೆಸರು ಕಾವೇರಿ. ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ರಕ್ತನಾಳದ ವಿಭಾಗದ ನರ್ಸು. ಸಕ್ಕರೆ ಕಾಯಿಲೆ, ಬೀಡಿ, ವಯಸ್ಸು, ಮೂರೂ ಸೇರಿ ಸೊಂಟದಿಂದ ಕೆಳಗಿನ ರಕ್ತನಾಳಗಳನ್ನು ಒಳಗಿಂದೊಳಗೇ ಕಟ್ಟುತ್ತಾ ಬರುತ್ತವೆ. ಗಂಡಸರು ಅದಕ್ಕೆ ವಾಯು ಅನ್ನುತ್ತಾರೆ, ಉಷ್ಣ ಅನ್ನುತ್ತಾರೆ, ಚಪ್ಪಲಿ ಸರಿಯಿಲ್ಲ ಅನ್ನುತ್ತಾರೆ. ಹೆಬ್ಬೆರಳು ಕಪ್ಪಾದ ಮೇಲೆ ಹೆಂಡತಿಯ ಭುಜ ಹಿಡಿದುಕೊಂಡು ನಮ್ಮ ಹತ್ತಿರ ಬರುತ್ತಾರೆ. ಇಂಥವರನ್ನು ಕಂಡರೆ ನನಗೆ ಕನಿಕರಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತದೆ. ಪಾಷಾನ ಮೇಲೆ ಮಾತ್ರ ಬರಲಿಲ್ಲ, ಯಾಕೆಂದರೆ ಅವನು ತನಗೋಸ್ಕರ ಬಂದವನಲ್ಲ. ಹಲಸೂರಿನ ಅಮೃತಪ್ಪನನ್ನು ಎಳೆದುಕೊಂಡು ಬಂದಿದ್ದ.

"ಇವನ ಕಾಲು ನೋಡಿ ಸಿಸ್ಟರ್. ನಂದೂ ನೋವು ಅದೆ, ಅದು ಆಮೇಲೆ ನೋಡುವಾ. ಮೊದ್ಲು ಇವನ್ದು."

ಅಮೃತಪ್ಪ ಅವನ ಪಾರ್ಟ್ನರ್. ಇಬ್ಬರೂ ಮೀಸೆ ಬರುವ ಮೊದಲೇ ಒಂದೇ ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಹಿಡಿದವರು. ಹಳೆಯ ಸ್ಕೂಟರು, ದೊಡ್ಡನೆಕ್ಕುಂದಿಯ ಕಾರ್ಖಾನೆಗಳಿಂದ ಬರುವ ಮೋಟರು, ಪಂಪು, ಎಲ್ಲವನ್ನೂ ತಂದು ಬಿಚ್ಚಿ ಬಿಡಿಭಾಗ ಮಾಡಿ ಮಾರುವುದು ಅವರ ಕಸುಬು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಇಂಜಿನ್ನನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೈಯಿಂದ ತಿರುಗಿಸಬೇಕು. ಆ ಗಲ್ಲಿಯಲ್ಲಿ ಕಾಲಿಗೂ ಕೈಯಷ್ಟೇ ಕೆಲಸ. ಒಂದು ಕಾಲು ಹೋದರೆ ಅಮೃತಪ್ಪನಿಗೆ ಆ ಕಸುಬು ಮುಗಿದ ಹಾಗೆ. ಬೇರೆ ಕಸುಬು ಅವನಿಗೆ ಬಾರದು. ಅವನ ಬಲಗಾಲು ಆಗಲೇ ಮಂಡಿಯಿಂದ ಕೆಳಗೆ ತಣ್ಣಗಿತ್ತು. ಪಾದದಲ್ಲಿ ನಾಡಿ ಹುಡುಕಿದರೆ ಸಿಗಲಿಲ್ಲ.

ಆಗ ನಮ್ಮಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಅದರ ಮುಖ್ಯಸ್ಥೆ ಡಾಕ್ಟರ್ ತೇಜಶ್ರೀ. ವಯಸ್ಸು ಚಿಕ್ಕದು, ಮಾತು ಕಡಿಮೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವ ಹೆಣ್ಣುಮಗಳು, ಅದಕ್ಕೇ ರೋಗಿಗಳಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಅವರು ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ರಕ್ತನಾಳ ಹಿಗ್ಗಿಸುವ ಔಷಧಿಗಳು ಹಿಂದಿನಿಂದಲೂ ಇವೆ. ಆದರೆ ಕಟ್ಟಿಕೊಂಡ ನಾಳ ಕಲ್ಲಿನಂತಾಗಿರುತ್ತದೆ, ಅದು ಹಿಗ್ಗುವುದಿಲ್ಲ. ಆರೋಗ್ಯವಾಗಿರುವ ನಾಳಗಳು ಹಿಗ್ಗಿ, ಇರುವ ರಕ್ತವನ್ನೂ ಅತ್ತ ಎಳೆದುಕೊಳ್ಳುವುದುಂಟು. ಈ ಹೊಸ ಮಾತ್ರೆ, ಕಟ್ಟಿದ ಜಾಗವನ್ನು ಬಳಸಿಕೊಂಡು ಹೋಗುವ ಸಣ್ಣ ನಾಳಗಳನ್ನು ಹಿಗ್ಗಿಸಬಹುದು. ಹಿಗ್ಗಿಸುತ್ತದೆಯೋ ಇಲ್ಲವೋ ತಿಳಿಯುವುದಕ್ಕೇ ಈ ಸಂಶೋಧನೆ.

"ಮೇನ್ ರೋಡ್ ಬಂದ್ ಆದ್ರೆ ಗಲ್ಲಿ ಅಗಲ ಮಾಡೋದು," ಎಂದ ಪಾಷಾ.

"ಸರಿಯಾಗಿ ಹೇಳಿದ್ರಿ," ಎಂದರು ಡಾಕ್ಟರು. "ಆದ್ರೆ ಅರ್ಧ ಜನಕ್ಕೆ ಮಾತ್ರ ಔಷಧಿ ಇರೋ ಮಾತ್ರೆ. ಇನ್ನರ್ಧ ಜನಕ್ಕೆ ಅದೇ ಥರ ಕಾಣೋ, ಒಳಗೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವ್ದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಉಳಿದ ಮಾಮೂಲಿ ಔಷಧಿಯೆಲ್ಲ ಇಬ್ಬರಿಗೂ ಇದ್ದೇ ಇರುತ್ತೆ."

ಈ ಮಾತು ಬಂದಾಗ ಜನ ಸಾಮಾನ್ಯವಾಗಿ ಗಾಬರಿಯಾಗುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ಇವರಿಬ್ಬರು ಮುಖ ಮುಖ ನೋಡಿಕೊಂಡು ನಕ್ಕರು.

"ಇದು ನಮ್ದು ಗೋಡೆ ಪಾಲು," ಎಂದ ಪಾಷಾ.

ಗೋಡೆ ಪಾಲು ಅಂದರೇನು ಎಂದು ನಾನೇ ಕೇಳಿದೆ. ಒಂದು ಲಾಟು ಬಿಚ್ಚಿ ಮುಗಿದ ಮೇಲೆ ಒಬ್ಬ ಸಾಮಾನನ್ನು ಎರಡು ಗುಡ್ಡೆ ಮಾಡುತ್ತಾನೆ. ಇನ್ನೊಬ್ಬ ಗೋಡೆಗೆ ಮುಖ ಹಾಕಿ ನಿಲ್ಲುತ್ತಾನೆ. ಗುಡ್ಡೆ ಮಾಡಿದವನು ಒಂದರ ಮೇಲೆ ಕೈಯಿಟ್ಟು "ಇದು ಯಾರ್ದು?" ಅಂದರೆ, ಗೋಡೆ ನೋಡುತ್ತಿರುವವನು "ನಂದು" ಅನ್ನಬೇಕು ಅಥವಾ "ನಿಂದು" ಅನ್ನಬೇಕು. ಅಷ್ಟೇ, ತಕರಾರಿಲ್ಲ. ಆ ಗಲ್ಲಿಯಲ್ಲಿ ಎಲ್ಲರೂ ಹೀಗೇ ಹಂಚಿಕೊಳ್ಳುತ್ತಾರಂತೆ. ಆದರೆ ಇವರಿಬ್ಬರದು ಇನ್ನೊಂದು ಪದ್ಧತಿಯೂ ಇತ್ತು. ಮನೆಗೆ ಒಯ್ದ ಗುಡ್ಡೆಯಲ್ಲಿ ಒಬ್ಬನದು ಪೂರ್ತಿ ಸವೆದ ಮಾಲು ಎಂದು ಗೊತ್ತಾದರೆ, ಒಳ್ಳೆಯದು ಸಿಕ್ಕವನು ತನ್ನದರಲ್ಲಿ ಅರ್ಧ ತಂದುಕೊಡಬೇಕು.

"ಪಾಲು ಹಾಕೋವಾಗ ಕಣ್ಣು ಮುಚ್ಕೋಬೇಕು ಸಿಸ್ಟರ್. ಆಮೇಲೂ ಮುಚ್ಕೊಂಡೇ ಇದ್ರೆ ಅವನು ಎಂಥ ಪಾರ್ಟ್ನರ್?"

ಮಾತ್ರೆಯ ಡಬ್ಬಿಗಳನ್ನು ಕೈಗೆ ಕೊಡುವಾಗ, ಬೆಳಿಗ್ಗೆ ಒಂದು ರಾತ್ರಿ ಒಂದು, ಇದನ್ನು ಯಾರಿಗೂ ಕೊಡಬೇಡಿ, ಯಾರದ್ದನ್ನೂ ತಗೋಬೇಡಿ ಎಂದು ಹೇಳುವುದು ನನ್ನ ಕೆಲಸ. ಹೇಳಿದೆ. ಇಬ್ಬರೂ ತಲೆಯಾಡಿಸಿದರು. ಅವರು ಸುಳ್ಳು ಹೇಳಲಿಲ್ಲ. ಪಾಷಾನ ಮನಸ್ಸಿನಲ್ಲಿ ಅಮೃತಪ್ಪ 'ಯಾರೋ' ಆಗಿರಲಿಲ್ಲ, ಅಷ್ಟೇ.

ಮಾತ್ರೆಯ ಜೊತೆಗೆ ದಿನಾ ನಡೆಯಬೇಕು, ನೋವು ಬರುವ ತನಕ ನಡೆದು, ನಿಂತು, ಮತ್ತೆ ನಡೆಯಬೇಕು, ಬೀಡಿ ಮುಟ್ಟಬಾರದು ಎಂದೂ ಹೇಳಿದ್ದೆವು. ಪಾಷಾ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಗಿರಾಕಿ. ಬೆಳಗಿನ ನಮಾಜು ಮುಗಿಸಿ ರಸೆಲ್ ಮಾರ್ಕೆಟ್ಟನ್ನು ಸುತ್ತುತ್ತಿದ್ದ. ಬೀಡಿ ಬಿಟ್ಟ. ಅಮೃತಪ್ಪನನ್ನು ಕೇಳಿದರೆ, "ಕೆಲ್ಸ ಇಲ್ದೆ ಸುಮ್ನೆ ನಡ್ಯೋದು ಇಂದಿರಾನಗರದಲ್ಲಿ ನಾಯಿ ಸಾಕಿರೋರ್ಗೆ ಸಿಸ್ಟರ್, ನಮ್ಗಲ್ಲ," ಅನ್ನುತ್ತಿದ್ದ. ಬೀಡಿಯನ್ನು ನನ್ನೆದುರು ಸೇದುತ್ತಿರಲಿಲ್ಲ ಎನ್ನುವುದೊಂದೇ ಅವನು ಮಾಡಿದ ಉಪಕಾರ.

ಪಾಷಾ ಸುಧಾರಿಸಿದ. ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ನಡೆಸಿ ಪರೀಕ್ಷೆ ಮಾಡುವುದು ನಮ್ಮ ಕ್ರಮ. ಅವನು ಮೊದಲು ಅರ್ಧ ದಾರಿಯಲ್ಲೇ ಗೋಡೆ ಹಿಡಿಯುತ್ತಿದ್ದವನು, ಈಗ ತುದಿ ಮುಟ್ಟಿ ತಿರುಗಿ ಬರುತ್ತಿದ್ದ. ಬಳೆ ಅಂಗಡಿ ದಾಟಿ ನಿಲ್ಲದೆ ಹೋಗುತ್ತೇನೆ, ಅಂಗಡಿಯವನು ಮದುವೆ ಮುರಿದುಬಿತ್ತಾ ಅಂತ ಕೇಳಿದ ಎಂದು ಹೇಳಿಕೊಂಡು ಖುಷಿಪಟ್ಟ. ಅಮೃತಪ್ಪನ ಕಾಲು ಕೆಟ್ಟಿತು. ಚಪ್ಪಲಿಯ ಉಂಗುಟ ತಗಲಿ ಆದ ಒಂದು ಸಣ್ಣ ಗಾಯ ಒಣಗಲಿಲ್ಲ. ಮಲಗಿದರೂ ನೋವು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತೇ ನಿದ್ದೆ ಮಾಡುತ್ತಾರೆ ಎಂದು ಅವನ ಹೆಂಡತಿ ಜಟ್ಟೆಮ್ಮ ಹೇಳಿದಳು.

ಈಗ ಪಾಷಾನಿಗೆ ಎಲ್ಲ ಸ್ಪಷ್ಟವಾಯಿತು. ಗೋಡೆ ಪಾಲಿನಲ್ಲಿ ತನಗೆ ಒಳ್ಳೆಯ ಗುಡ್ಡೆ ಬಿದ್ದಿದೆ, ಅಮೃತಪ್ಪನಿಗೆ ಸವೆದ ಮಾಲು. ಇದನ್ನು ಕಂಡುಹಿಡಿಯಲು ಡಾಕ್ಟರ್ ಯಾಕೆ ಬೇಕು?

ಅಂದಿನಿಂದ ಇಬ್ಬರೂ ಬೆಳಗಿನ ಮಾತ್ರೆಯನ್ನು ಪಾಷಾನ ಡಬ್ಬಿಯಿಂದ, ರಾತ್ರಿಯದನ್ನು ಅಮೃತಪ್ಪನ ಡಬ್ಬಿಯಿಂದ ತಿನ್ನತೊಡಗಿದರು. ಸರಿಯಾಗಿ ಅರ್ಧ ಅರ್ಧ. ಡಬ್ಬಿ ವಾಪಸು ತಂದಾಗ ನಾವು ಉಳಿದ ಮಾತ್ರೆ ಎಣಿಸುತ್ತೇವೆ, ಒಂದೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಇಷ್ಟು ನಿಯತ್ತಿನ ರೋಗಿಗಳು ಸಿಗುವುದಿಲ್ಲ ಎಂದು ನಾನು ಬೇರೆಯವರ ಮುಂದೆ ಹೊಗಳಿದ್ದೂ ಉಂಟು. ಆಮೇಲೆ ಅಮೃತಪ್ಪನ ಹೆಬ್ಬೆರಳಿನ ತುದಿ ಬಣ್ಣ ತಿರುಗಿತು. ಪಾಷಾನಿಗೆ ಅರ್ಧ ಸಾಲದು ಅನ್ನಿಸಿತು. "ಪೂರ್ತಿ ತಗೋ ಮಗಾ, ನಂಗೆ ಈಗ ವಾಸಿ ಆಗದೆ," ಎಂದು ಡಬ್ಬಿಯನ್ನೇ ಬದಲಾಯಿಸಿಕೊಂಡುಬಿಟ್ಟ. ತನ್ನ ಕಾಲು ಮತ್ತೆ ಹಿಡಿದುಕೊಳ್ಳಬಹುದು ಎಂದು ಅವನಿಗೆ ಗೊತ್ತಿತ್ತು. ಹೆಂಡತಿ ಶರ್ಫುನ್ನೀಸಾ ಬೈದಿದ್ದಕ್ಕೆ, ಬಳೆ ಅಂಗಡಿ ಮುಂದೆ ನಿಲ್ಲೋದು ನನಗೆ ಅಭ್ಯಾಸ ಅದೆ ಅಂದನಂತೆ.

ಇದ್ಯಾವುದೂ ಆಗ ನಮಗೆ ತಿಳಿಯದು. ನಮಗೆ ತಿಳಿದದ್ದು ಅಮೃತಪ್ಪನನ್ನು ಆಟೋದಲ್ಲಿ ಹೊತ್ತು ತಂದ ದಿನ. ಪಾದದ ಮುಂಭಾಗ ಕಪ್ಪಗಾಗಿತ್ತು, ಜ್ವರ ಕುದಿಯುತ್ತಿತ್ತು, ವಾಸನೆಗೆ ಪಕ್ಕದ ಹಾಸಿಗೆಯವರು ಮುಖ ತಿರುಗಿಸಿದರು. ಸರ್ಜನ್ ಬಂದು ನೋಡಿ, ನಾಳ ತೆರೆಯಲು ಜಾಗವೇ ಇಲ್ಲ, ಮಂಡಿಯ ಕೆಳಗೆ ತೆಗೆಯಬೇಕು, ತಡ ಮಾಡಿದರೆ ಮಂಡಿಯೂ ಹೋಗುತ್ತದೆ, ಆಮೇಲೆ ಮನುಷ್ಯನೂ ಹೋಗುತ್ತಾನೆ ಎಂದರು.

ಪಾಷಾ ಡಾಕ್ಟರ್ ತೇಜಶ್ರೀಯ ದಾರಿ ಕಟ್ಟಿ ನಿಂತ. ಕೈ ಮುಗಿದಿದ್ದ.

"ಆಪರೇಷನ್ ಬೇಡ ಡಾಕ್ಟರ್. ಇನ್ನೂ ಸ್ವಲ್ಪ ದಿನ ಟೈಮ್ ಕೊಡಿ. ಅವನು ಅಸಲಿ ಮಾತ್ರೆ ಪೂರ್ತಿ ತಗೊಳ್ಳಕ್ಕೆ ಶುರು ಮಾಡಿ ಜಾಸ್ತಿ ದಿನ ಆಗಿಲ್ಲ. ಈಗೀಗ ಹಿಡಿತದೆ."

"ಯಾವ ಅಸಲಿ ಮಾತ್ರೆ?"

"ನಂದು."

ಕಾರಿಡಾರಿನಲ್ಲೇ ನಿಂತು ಎಲ್ಲ ಹೇಳಿದ. ಮುಚ್ಚಿಡುವ ಉದ್ದೇಶವೇ ಅವನಿಗಿರಲಿಲ್ಲ. ಅರ್ಧ ಅರ್ಧ ಮಾಡಿದ್ದು, ಆಮೇಲೆ ಡಬ್ಬಿ ಬದಲಾಯಿಸಿದ್ದು. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳುವ ಧ್ವನಿಯಲ್ಲೇ ಹೇಳಿದ. ಡಾಕ್ಟರು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಯಾರು ಏನು ತಿಂದಿದ್ದಾರೆ ಎಂದು ಆಪರೇಷನ್ನಿಗೆ ಮೊದಲು ತಿಳಿಯಲೇಬೇಕಾದ್ದರಿಂದ, ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟು ಇಟ್ಟುಕೊಂಡಿದ್ದ ಕಚೇರಿಗೆ ಫೋನ್ ಮಾಡಿ ಇಬ್ಬರದನ್ನೂ ತೆಗೆಸಿದರು. ಪಾಷಾನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

"ಔಷಧಿ ಇದ್ದಿದ್ದು ಅಮೃತಪ್ಪ ಅವರ ಡಬ್ಬಿಯಲ್ಲಿ," ಎಂದರು. "ನಿಮ್ಮದರಲ್ಲಿ ಏನೂ ಇರಲಿಲ್ಲ."

ಪಾಷಾ ನನ್ನ ಕಡೆ ನೋಡಿದ. ಡಾಕ್ಟರಿಗೆ ಕನ್ನಡ ಸರಿಯಾಗಿ ಬರುವುದಿಲ್ಲವೇನೋ, ನೀವು ಸರಿಯಾಗಿ ಹೇಳಿ ಎಂಬಂತೆ ನೋಡಿದ. ನಾನು ತಲೆ ತಗ್ಗಿಸಿದೆ.

"ನನ್ನ ಕಾಲು ಸುಧಾರಿಸ್ತಲ್ಲ ಡಾಕ್ಟರ್? ನಡೆದು ತೋರಿಸಿದ್ದೆನಲ್ಲ?"

"ನೀವು ದಿನಾ ನಡೆದ್ರಿ, ಬೀಡಿ ಬಿಟ್ರಿ. ಸುಧಾರಿಸಿದ್ದು ಅದರಿಂದ. ಆ ಮಾತ್ರೆಯಿಂದಲ್ಲ."

"ಅಂದ್ರೆ ನಾನು ಅವನ ಔಷಧಿ ತಿಂದೆ. ಅವನಿಗೆ ಹಿಟ್ಟು ಕೊಟ್ಟೆ."

ಡಾಕ್ಟರು ನೀರಿನ ಲೋಟವನ್ನು ಅವನ ಕಡೆ ಸರಿಸಿದರು. "ನೋಡಿ ಪಾಷಾ ಅವರೇ, ಆ ಮಾತ್ರೆ ಕೆಲಸ ಮಾಡುತ್ತೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಅವರ ಕಾಲು ಮೊದಲೇ ಬಹಳ ಕೆಟ್ಟಿತ್ತು. ಪೂರ್ತಿ ತಗೊಂಡಿದ್ರೂ ಇದೇ ಆಗ್ತಿತ್ತೋ ಏನೋ. ನಮಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ, ಉಳೀತಿತ್ತು ಅಂತಾನೂ ಆಗ್ತದಲ್ಲ?"

ಡಾಕ್ಟರ್ ತೇಜಶ್ರೀ ಸುಳ್ಳು ಹೇಳುವವರಲ್ಲ. ಆ ಹೊತ್ತಿನಲ್ಲಿ ಒಂದು ಸುಳ್ಳು ಹೇಳಬಾರದೇ ಎಂದು ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವರು ಸುಮ್ಮನಿದ್ದರು. ಪಾಷಾ ಆ ಸುಮ್ಮನಿರುವುದನ್ನೇ ಉತ್ತರವೆಂದು ತೆಗೆದುಕೊಂಡು ಹೊರಗೆ ಹೋದ.

ಅಮೃತಪ್ಪನ ಕಾಲನ್ನು ಮಂಡಿಯ ಕೆಳಗೆ ತೆಗೆದರು. ಇಬ್ಬರ ಹೆಸರನ್ನೂ ಸಂಶೋಧನೆಯಿಂದ ಕೈಬಿಟ್ಟರು, ಉಳಿದ ಮಾತ್ರೆಗಳನ್ನು ವಾಪಸು ಪಡೆದರು. ಆಪರೇಷನ್ ನಡೆಯುವಾಗ ಪಾಷಾ ಮೆಟ್ಟಿಲ ಮೇಲೆ ಕೂತಿದ್ದವನು, ಅಮೃತಪ್ಪನಿಗೆ ಎಚ್ಚರವಾಗುವ ಹೊತ್ತಿಗೆ ಅಲ್ಲಿರಲಿಲ್ಲ. ವಾರ್ಡಿಗೆ ಊಟ ಕಳಿಸುತ್ತಿದ್ದ, ತಾನು ಬರುತ್ತಿರಲಿಲ್ಲ. "ಪಾಷಾ ಎಲ್ಲಿ, ಪಾಷಂಗೆ ಹುಷಾರಿಲ್ವಾ," ಎಂದು ಅಮೃತಪ್ಪ ಬಂದಬಂದವರನ್ನೆಲ್ಲ ಕೇಳುತ್ತಿದ್ದ. ಮನೆಗೆ ಕಳಿಸಿದ ಮೇಲೂ ಪಾಷಾ ಆ ಕಡೆ ಹಾಯಲಿಲ್ಲ.

ಒಂದು ಸಂಜೆ ಶರ್ಫುನ್ನೀಸಾ ನನ್ನನ್ನು ಆಸ್ಪತ್ರೆಯ ಗೇಟಿನಲ್ಲಿ ಹಿಡಿದಳು. "ಊಟ ಬಿಟ್ಟಿದ್ದಾರೆ. ಅಂಗಡಿ ತೆಗಿಯಲ್ಲ. ಬೀಡಿ ಮತ್ತೆ ಶುರು ಮಾಡಿದ್ದಾರೆ. ನನ್ನ ಕಾಲೂ ಹೋಗ್ಲಿ ಅಂತಾರೆ. ನೀವೇ ಬಂದು ಒಂದು ಮಾತು ಹೇಳಿ." ಅವಳ ಹಿಂದೆ ಕಾಂಪೌಂಡ್ ಗೋಡೆಗೆ ಒರಗಿ ಪಾಷಾ ನಿಂತಿದ್ದ. ಅಷ್ಟು ದಿನದಲ್ಲೇ ಅಂಗಿ ಅವನಿಗೆ ದೊಡ್ಡದಾಗಿತ್ತು.

"ಅವನಿಗೆ ನಿಜ ಹೇಳ್ಬೇಕು ಸಿಸ್ಟರ್," ಎಂದ. "ಒಬ್ನೇ ಹೋಗಕ್ಕೆ ಆಗ್ತಿಲ್ಲ. ಎರಡು ಸಲ ಹಲಸೂರು ತನಕ ಹೋಗಿ ವಾಪಸ್ ಬಂದೆ. ಅವನು ಬೈಲಿ, ಮುಖಕ್ಕೆ ಉಗೀಲಿ, ಕ್ಷಮಿಸಿದ್ರೆ ಕ್ಷಮಿಸ್ಲಿ, ಇಲ್ದಿದ್ರೆ ಇಲ್ಲ. ಏನೋ ಒಂದು ಆಗ್ಲಿ. ಹಿಂಗೆ ಇರಕ್ಕೆ ಆಗಲ್ಲ."

ನನ್ನ ಮನೆಯೂ ಹಲಸೂರಿನಲ್ಲೇ. ಮಾರನೆಯ ದಿನ ರಜೆ ಇತ್ತು, ಹೋದೆವು. ಗಲ್ಲಿಯ ತಿರುವಿನಲ್ಲಿ ಅವನು ಎರಡು ಸಲ ನಿಂತ. ಕಾಲು ಹಿಡಿದುಕೊಂಡಿತೋ, ಧೈರ್ಯ ಸಾಲಲಿಲ್ಲವೋ, ನಾನು ಕೇಳಲಿಲ್ಲ.

ಅಮೃತಪ್ಪ ಮಂಚದ ಮೇಲೆ ಕೂತಿದ್ದ. ಪಾಷಾನನ್ನು ಕಂಡದ್ದೇ ಅವನ ಮುಖ ಎಷ್ಟು ಅರಳಿತೆಂದರೆ ನಾನು ಬೇರೆ ಕಡೆ ನೋಡಬೇಕಾಯಿತು.

"ಬಂದ್ಯಾ ಗುರು. ಜಟ್ಟಿ, ಕಾಫಿ ಇಡು, ಪಾಷಾ ಬಂದವ್ನೆ." ಪಾಷಾನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡ. "ಮಂಡಿ ಉಳ್ಕೊಂಡ್ತು ನೋಡು. ಡಾಕ್ಟ್ರು ಮಂಡೀನೂ ಹೋಗ್ಬೋದು ಅಂದಿದ್ರು. ನಿನ್ ಮಾತ್ರೆ ಇಲ್ದಿದ್ರೆ ಹೋಗ್ಬುಡ್ತಿತ್ತು. ಇವ್ಳಿಗೆ ದಿನಾ ಹೇಳ್ತೀನಿ, ಕೇಳು."

"ದಿನಾ ಅದೇ ಮಾತು ಪಾಷಣ್ಣ," ಎಂದಳು ಜಟ್ಟೆಮ್ಮ ಅಡುಗೆಮನೆಯ ಬಾಗಿಲಿನಿಂದ.

ಪಾಷಾ ಹೇಳಿದ. ಒಂದೂ ಬಿಡದೆ, ತಲೆ ಎತ್ತದೆ ಹೇಳಿದ. ಔಷಧಿ ಇದ್ದದ್ದು ನಿನ್ನ ಡಬ್ಬಿಯಲ್ಲಿ. ನನ್ನದರಲ್ಲಿ ಏನೂ ಇರಲಿಲ್ಲ. ನಿನ್ನ ಔಷಧಿ ನಾನು ತಿಂದೆ. ನಾನು ಸುಮ್ಮನೆ ಇದ್ದಿದ್ದರೆ ನಿನ್ನ ಕಾಲು ಇರುತ್ತಿತ್ತೋ ಏನೋ. ಅರವತ್ತು ದಾಟಿದ ಗಂಡಸು ಹೆಂಗಸರ ಎದುರು ಅಷ್ಟು ಜೋರಾಗಿ ಅತ್ತದ್ದನ್ನು ನಾನು ವಾರ್ಡಿನಲ್ಲಿಯೂ ಕಂಡಿರಲಿಲ್ಲ.

ಅಮೃತಪ್ಪ ನನ್ನ ಕಡೆ ತಿರುಗಿದ. "ಹೌದಾ ಸಿಸ್ಟರ್?"

"ಹೌದು," ಎಂದೆ.

ಅವನು ನನ್ನನ್ನೂ ಪಾಷಾನನ್ನೂ ನೋಡಿದ. ಆಮೇಲೆ ನಕ್ಕ. "ನೀವು ಆಸ್ಪತ್ರೆಯೋರು ಹಂಗೇ ಹೇಳ್ಬೇಕು. ಇಲ್ದಿದ್ರೆ ನಾಳೆ ಎಲ್ರೂ ಮಾತ್ರೆ ಅದ್ಲುಬದ್ಲು ಮಾಡ್ಕೊತಾರೆ, ಅಲ್ವಾ? ಇವನ್ನ ಹೆದರ್ಸಿ ಬುಟ್ಟವ್ರೆ. ಲೇ ಪಾಷಾ, ನಿನ್ ಕಾಲು ವಾಸಿ ಆಗಿದ್ದು ನಾನ್ ಕಣ್ಣಾರೆ ನೋಡಿಲ್ವಾ? ಹಿಟ್ಟು ತಿಂದ್ರೆ ಕಾಲು ವಾಸಿ ಆಯ್ತದಾ?"

"ಇಲ್ಲ ಅಮೃತಾ, ನಿಜವಾಗ್ಲೂ. ಬೈಯಿ ನನ್ನ. ಏನಾದ್ರೂ ಹೇಳು."

"ಏನಂತ ಬೈಲಿ ನಿನ್ನ? ತಲೆ ಕೆಟ್ಟೈತಾ?"

ಪಾಷಾ ಮತ್ತೆ ಹೇಳಿದ. ನಾನೂ ಹೇಳಿದೆ, ಡಾಕ್ಟರು ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅಮೃತಪ್ಪ ಮಕ್ಕಳ ಮಾತು ಕೇಳಿದ ಹಾಗೆ ಕೇಳಿದ, ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನ ಲೋಕದಲ್ಲಿ ಪಾಷಾನ ಕೈಯಿಂದ ಖೋಟಾ ಮಾಲು ಬರುವುದು ಸಾಧ್ಯವಿರಲಿಲ್ಲ. ಕ್ಷಮಿಸಬೇಕಾದವನೇ ತಪ್ಪು ಆಗಿಲ್ಲ ಅಂದುಬಿಟ್ಟರೆ ಇನ್ನು ಯಾರ ಹತ್ತಿರ ಹೋಗುವುದು? ಪಾಷಾನ ಮುಖದಲ್ಲಿ ಆ ಪ್ರಶ್ನೆ ಹುಟ್ಟಿದ್ದನ್ನು ನಾನು ನೋಡಿದೆ.

ಜಟ್ಟೆಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ಅಮೃತಪ್ಪ ಅವಳು ಹೋಗುವುದನ್ನೇ ಕಾದಿದ್ದು, ಪಾಷಾನ ಕಡೆ ಬಗ್ಗಿ ಧ್ವನಿ ತಗ್ಗಿಸಿದ.

"ಅವ್ಳಿಗೆ ಹೇಳಿಲ್ಲ. ಎಡಗಾಲೂ ಶುರು ಆಗೈತೆ. ರಾತ್ರಿ ಎಲ್ಲ ಹಿಡ್ಕೊಂತದೆ, ಪಾದ ತಣ್ಣಗಿರ್ತದೆ. ಅದೇ ಥರ." ಅವನ ಕಣ್ಣಲ್ಲಿ ಇಷ್ಟು ಹೊತ್ತೂ ಕಾಣದಿದ್ದ ಹೆದರಿಕೆ ಈಗ ಕಂಡಿತು. "ಇದೂ ಹೋದ್ರೆ ನಾನು ಬದುಕಲ್ಲ ಪಾಷಾ. ನಿನ್ ಡಬ್ಬೀದು ಇನ್ನೂ ಒಂದಷ್ಟು ಇದ್ರೆ ತಂದ್ಕೊಡು. ಅಸಲೀದು."

ಕೂಡಲೇ ಆಸ್ಪತ್ರೆಗೆ ಬರಬೇಕು, ನಾಳೆ ಬೆಳಿಗ್ಗೆಯೇ ಕಾಲು ತೋರಿಸಬೇಕು ಎಂದು ನಾನು ಅಂದೆ. ಅವನಿಗೆ ಕೇಳಿಸಲಿಲ್ಲ. ಅವನು ಪಾಷಾನನ್ನೇ ನೋಡುತ್ತಿದ್ದ.

"ಇಲ್ಲ," ಎಂದ ಪಾಷಾ. "ವಾಪಸ್ ತಗೊಂಡ್ರು. ಒಂದೂ ಇಲ್ಲ."

"ಒಂದೂ ಇಲ್ವಾ?"

"ಅಲ್ಲಾ ಕಸಮ್, ಒಂದೂ ಇಲ್ಲ."

ಅಮೃತಪ್ಪ ಪಾಷಾನ ಎರಡು ಕಾಲುಗಳನ್ನು ನೋಡಿದ. ಆಮೇಲೆ ಅವನ ಮುಖವನ್ನು ನೋಡಿದ. ಏನೋ ಅರ್ಥವಾದವನ ಹಾಗೆ ನಿಧಾನವಾಗಿ ತಲೆಯಾಡಿಸಿ, ಅವನ ಬೆನ್ನ ಮೇಲೆ ಕೈಯಿಟ್ಟ.

"ಇರ್ಲಿ ಬುಡು ಪಾಷಾ," ಎಂದ. "ನಿಂಗೂ ಕಾಲೈತೆ. ಇರೋದ್ನ ನೀನೇ ಇಟ್ಕೊ. ನಾನೇನೂ ಬೇಜಾರ್ ಮಾಡ್ಕೊಳ್ಳಲ್ಲ."